ಕೆಂಚಪ್ಪನ ಇಪ್ಪತ್ತಾರು ವರ್ಷಗಳು

ಕೆಂಚಪ್ಪ ಕೆಮಿಸ್ಟ್ರಿ ಲ್ಯಾಬಿನ ಹಿಂದೆ ಬೀಡಿ ಸೇದುತ್ತ ಸಿಕ್ಕಿಬಿದ್ದನೆಂದು ಪ್ರಿನ್ಸಿಪಾಲರು ನನಗೆ ಹೇಳಿಕಳಿಸಿದರು. ಸೀರೆ ಬದಲಿಸಿ, ಕನ್ನಡಕ ಒರೆಸಿಕೊಂಡು ಹೋದೆ. ಆಫೀಸಿನ ಹೊರಗಿನ ಬೆಂಚಿನ ಮೇಲೆ ಅವನು ಕೈಕಟ್ಟಿ ಕೂತಿದ್ದ. ನಲವತ್ತೇಳು ವರ್ಷದ ಆಳು, ಕಿವಿಯ ಸುತ್ತ ನರೆ, ಎಡಗಾಲಿನ ಮಂಡಿ ಮಡಚಲು ಬಾರದ್ದರಿಂದ ಕಾಲನ್ನು ದಾರಿಗೆ ಅಡ್ಡವಾಗಿ ಚಾಚಿದ್ದ. ನನ್ನನ್ನು ಕಂಡು ಗೋಡೆ ಹಿಡಿದು ಎದ್ದ. "ತಪ್ಪಾಯ್ತಮ್ಮ," ಅಂದ. "ನನ್ನ ಹತ್ರ ಹೇಳಿ ಏನು ಬಂತು, ಒಳಗೆ ಬಂದು ಹೇಳು," ಅಂದೆ.

ಪ್ರಿನ್ಸಿಪಾಲರಿಗೆ ಆಗ ಮೂವತ್ತೊಂಬತ್ತು ಇರಬೇಕು. ಮೇಜಿನ ಮೇಲೆ ಬೀಡಿ ಕಟ್ಟನ್ನು ಸಾಕ್ಷಿಯಾಗಿ ಇಟ್ಟುಕೊಂಡಿದ್ದರು. "ಹದಿನೆಂಟು ವರ್ಷಕ್ಕೇ ಇದು ಶುರುವಾದ್ರೆ ಮುಂದೆ ಇವನ ಗತಿ ಏನಮ್ಮ?" ಎಂದು ಕೇಳಿದರು. "ಸರ್, ಒಂದೇ ಒಂದು ದಮ್ಮು," ಎಂದು ಕೆಂಚಪ್ಪ ಬಾಯಿ ಹಾಕಿದ. "ಪೋಷಕರು ಮಾತಾಡುವಾಗ ಹುಡುಗರು ಸುಮ್ಮನಿರಬೇಕು," ಎಂದರು. ನಾನು ಇನ್ನು ಮುಂದೆ ಹಾಗಾಗದಂತೆ ನೋಡಿಕೊಳ್ಳುವುದಾಗಿ ಬರೆದು ಸಹಿ ಹಾಕಿದೆ. ನಾವು ಹೊರಡುವಾಗ ಅವರು ಬೀಡಿ ಕಟ್ಟನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಹಳೆಯ ಕವರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ನಿಮ್ಮ ಮನೆಗೆ ಬಂದಾಗ ಕೊಡಿ," ಎಂದು ಮೆಲ್ಲಗೆ ಹೇಳಿದರು.

ನಮ್ಮೂರಿನಿಂದ ಸೈನ್ಯಕ್ಕೆ ಹೋಗಿ ಬಂದವರಿಗೆ, ಅವರು ಅಲ್ಲಿ ಕಳೆದ ವರ್ಷಗಳನ್ನು ಸರ್ಕಾರ ಹಿಂದಕ್ಕೆ ಕೊಡುತ್ತದೆ. ಹದಿನೆಂಟಕ್ಕೆ ಹೋದವನು ಎಷ್ಟೇ ವರ್ಷ ಇದ್ದು ಬಂದರೂ ಸ್ಟೇಷನ್ನಿನಲ್ಲಿ ಇಳಿದಾಗ ಹದಿನೆಂಟೇ. ಕಾಲೇಜು, ಹಾಸ್ಟೆಲು, ಊಟ, ಪುಸ್ತಕ ಎಲ್ಲ ಬಿಟ್ಟಿ. ಪದವಿ ಪಾಸಾದ ದಿನ ಅವನ ವರ್ಷಗಳು ಒಟ್ಟಿಗೇ ಕೈಸೇರಿ, ಅವನು ತನ್ನ ನಿಜವಾದ ವಯಸ್ಸಿನವನಾಗುತ್ತಾನೆ. ಅಲ್ಲಿಯವರೆಗೆ ಅವು ಸೈನಿಕ ವಿದ್ಯಾ ಕಚೇರಿಯ ಬೀರುವಿನಲ್ಲಿ ಭದ್ರವಾಗಿರುತ್ತವೆ. ಒಳ್ಳೆಯ ಯೋಜನೆ, ಕೆಟ್ಟದ್ದೆಂದವರನ್ನು ನಾನು ಕಂಡಿಲ್ಲ. ಸಣ್ಣಪುಟ್ಟ ಹೊಂದಾಣಿಕೆಗಳು ಬೇಕಾಗುತ್ತವೆ, ಅಷ್ಟೆ. ಹದಿನೆಂಟರ ಹುಡುಗ ಮದುವೆಯಾಗಿರುವುದನ್ನು ಕಾನೂನು ಒಪ್ಪುವುದಿಲ್ಲವಾದ್ದರಿಂದ ಅವರ ಮದುವೆಯನ್ನು ತಡೆಹಿಡಿಯುತ್ತಾರೆ. ರದ್ದು ಮಾಡುವುದಲ್ಲ, ತಡೆಹಿಡಿಯುವುದು. ಈ ವ್ಯತ್ಯಾಸವನ್ನು ಕಚೇರಿಯವರು ಹೆಂಡಂದಿರಿಗೆ ಬಹಳ ತಾಳ್ಮೆಯಿಂದ ವಿವರಿಸುತ್ತಾರೆ. ಹಾಗೆಯೇ ಹದಿನೆಂಟರ ಹುಡುಗನಿಗೆ ಪೋಷಕರ ಸಹಿ ಬೇಕು. ತಂದೆತಾಯಿ ತೀರಿಕೊಂಡವರಿಗೆ ಎಪ್ಪತ್ತು ದಾಟಿದ ಪದವೀಧರೆಯರನ್ನು ನೇಮಿಸುತ್ತಾರೆ. ನಾನು ಇದೇ ಕಾಲೇಜಿನಲ್ಲಿ ಬಿ.ಎ. ಮಾಡಿದವಳು, ನಮ್ಮ ಕಾಲದಲ್ಲಿ ಹುಡುಗಿಯರು ಏಳು ಜನ. ಆ ಏಳರಲ್ಲಿ ನಾನೊಬ್ಬಳೇ ಉಳಿದಿರುವುದರಿಂದ ನನಗೆ ನಾಲ್ವರು ಹುಡುಗರು. ಹಿರಿಯವನು ಸುಬೇದಾರ್ ಪೀತಾಂಬರ. ಇಂಗ್ಲಿಷಿನಲ್ಲಿ ಮೂವತ್ತೊಂದು ಸಲ ಫೇಲಾಗಿ ಎಪ್ಪತ್ತೆರಡರಲ್ಲೂ ಹದಿನೆಂಟಾಗಿಯೇ ಇದ್ದಾನೆ. ಅವನ ಹೆಂಡತಿ ಬಹಳ ಜೋರು ಎಂದು ಕೇಳಿದ್ದೇನೆ.

ಕೆಂಚಪ್ಪನ ಹೆಂಡತಿ ಸಾಕಮ್ಮ ಹಾಗಲ್ಲ. ಇಪ್ಪತ್ತಾರು ವರ್ಷ ಅವನ ದಾರಿ ಕಾದವಳು, ಇನ್ನು ಮೂರು ವರ್ಷ ತಾನೆ ಅಂದುಕೊಂಡಳು. ಭಾನುವಾರ ನಾಲ್ಕರಿಂದ ಐದರವರೆಗೆ ಹಾಸ್ಟೆಲಿಗೆ ಬಂದು, ರಿಜಿಸ್ಟರಿನಲ್ಲಿ 'ಸಂಬಂಧ' ಎಂಬಲ್ಲಿ 'ಪರಿಚಿತರು' ಎಂದು ಬರೆಸಿ, ಒಂದು ಡಬ್ಬಿ ಕೋಡುಬಳೆ ಇಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು. ವಾರ್ಡನ್ ಕಟ್ಟುನಿಟ್ಟಿನ ಮನುಷ್ಯ. ಆದರೆ ಜಗಲಿಯ ಗಡಿಯಾರ ಭಾನುವಾರ ಐದಕ್ಕೆ ಹತ್ತು ನಿಮಿಷ ಇರುವಾಗ ನಿಂತುಹೋಗುತ್ತಿತ್ತು. ಅದಕ್ಕೆ ಕೀಲಿ ಕೊಡುವ ಕೆಲಸ ವಾರ್ಡನ್ನರದೇ. ಕತ್ತಲಾಗುವ ಹೊತ್ತಿಗೆ ಅವರಿಗೆ ಅದು ನೆನಪಾಗುತ್ತಿತ್ತು.

ತೊಡಕಾದದ್ದು ಮಗಳ ವಿಷಯದಲ್ಲಿ. ಕೆಂಚಪ್ಪ ಮನೆಗೆ ಮರಳಿದ ವರ್ಷವೇ ಮಗಳು ವನಮಾಲಾ ಅದೇ ಕಾಲೇಜಿಗೆ ಇತಿಹಾಸದ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದ್ದಳು. ಮೊದಲ ದಿನ ಹಾಜರಿ ಕೂಗುತ್ತ 'ಕೆಂಚಪ್ಪ' ಎಂಬಲ್ಲಿಗೆ ಬಂದು ನಿಂತಳಂತೆ. ಅವನು ಎದ್ದು, "ಪ್ರೆಸೆಂಟ್ ಮೇಡಂ," ಅಂದನಂತೆ. ಅವಳು ತಲೆ ಎತ್ತದೆ ಮುಂದಿನ ಹೆಸರಿಗೆ ಹೋದಳು. ಮೂರು ವರ್ಷ ಹಾಗೆಯೇ ನಡೆಯಿತು. ಎರಡನೆಯ ವಾರದಿಂದ ಮಾತ್ರ ಮೊದಲನೆಯ ಬೆಂಚಿನ ಕೆಳಗೆ ಕಾಲು ಚಾಚಿಡಲು ಒಂದು ಗಿಡ್ಡ ಮಣೆ ಬಂದು ಕೂತಿತು. ಯಾರು ತಂದದ್ದೆಂದು ಕ್ಲಾಸಿಗೆ ತಿಳಿಯಲಿಲ್ಲ. ಪ್ಯೂನ್ ನನಗೆ ಹೇಳಿದ, "ಮೇಡಮ್ಮೇ ಬ್ಯಾಗಲ್ಲಿ ತಂದಿಟ್ರು. ಯಾರಿಗೂ ಹೇಳ್ಬೇಡ ಅಂದಿದಾರೆ, ಅದಕ್ಕೇ ನಿಮಗೊಬ್ಬರಿಗೇ ಹೇಳ್ತಿರೋದು."

ಈಗ ವನಮಾಲಾಳ ಕೆಲಸ ಕಾಯಂ ಆಗುವುದಿತ್ತು. ಜುಲೈ ಒಂದರಂದು ಅವಳ ಸೇವಾ ಪುಸ್ತಕ ತೆರೆಯುತ್ತಾರೆ. ಮೊದಲ ಪುಟದಲ್ಲಿ ತಂದೆಯ ಹೆಸರು. ಒಮ್ಮೆ ಬರೆದರೆ ಅವಳು ನಿವೃತ್ತಳಾಗುವವರೆಗೆ ಯಾರೂ ತಿದ್ದುವಂತಿಲ್ಲ. ಅಷ್ಟರಲ್ಲಿ ಕೆಂಚಪ್ಪ ಪಾಸಾಗದಿದ್ದರೆ 'ತಂದೆ: ಇಲ್ಲ' ಎಂದೇ ಬರೆಯಬೇಕು. ಇಪ್ಪತ್ತಾರರ ಮಗಳಿಗೆ ಹದಿನೆಂಟರ ತಂದೆ ಇರುವುದು ಹೇಗೆ? "ಅಮ್ಮ, ಅವಳು ಹುಟ್ಟಿದಾಗ ನಾನಿರ್ಲಿಲ್ಲ," ಎಂದು ಕೆಂಚಪ್ಪ ನನ್ನ ಜಗಲಿಯಲ್ಲಿ ಕೂತು ಹೇಳಿದ್ದ. "ಸ್ಕೂಲಿಗೆ ಸೇರ್ಸುವಾಗ ಇರ್ಲಿಲ್ಲ. ಟೈಫಾಯಿಡ್ ಬಂದಾಗ ಇರ್ಲಿಲ್ಲ. ಆ ಪುಸ್ತಕದಲ್ಲಾದ್ರೂ ಇರ್ಬೇಕು ಅಂತ ಆಸೆ." ಉಳಿದ ಎಲ್ಲ ವಿಷಯಗಳಲ್ಲಿ ಅವನು ಪಾಸಾಗಿದ್ದ. ಇತಿಹಾಸದ ಕೊನೆಯ ಪೇಪರ್ ಒಂದೇ ಬಾಕಿ.

ಮಾರ್ಚಿನಲ್ಲಿ ಪರೀಕ್ಷೆ. ಪೋಷಕರು ಗೇಟಿನ ಹೊರಗೆ ಮೊಸರನ್ನದ ಡಬ್ಬಿ ಹಿಡಿದು ಕಾಯುವುದು ನಮ್ಮಲ್ಲಿ ವಾಡಿಕೆ. ಕೆಂಚಪ್ಪ ಗಂಟೆ ಹೊಡೆಯುತ್ತಿದ್ದಂತೆ ಕುಂಟುತ್ತ, ನಗುತ್ತ ಬಂದ. "ಗೊತ್ತಿರೋ ಪ್ರಶ್ನೆಯೇ ಬಂತಮ್ಮ! ಹಳದಿಹೊಳೆ ಸೇತುವೆಯ ಕದನ ವಿವರಿಸಿ, ಹತ್ತು ಮಾರ್ಕು. ಓದೋದೇ ಬೇಕಿರ್ಲಿಲ್ಲ. ನಾನು ಅಲ್ಲೇ ಇದ್ನಲ್ಲ!" ಹುಡುಗರಿಂದ ಪಾಠ ಒಪ್ಪಿಸಿಕೊಳ್ಳಬೇಕಲ್ಲ ಎಂದು ನಾನು ಪಠ್ಯಪುಸ್ತಕ ಓದಿದ್ದೆ. "ಪುಸ್ತಕದಲ್ಲಿದ್ದ ಹಾಗೆ ಬರೆದೆಯಾ?" ಎಂದು ಕೇಳಿದೆ. "ಪುಸ್ತಕದೋರಿಗೆ ಏನು ಗೊತ್ತಮ್ಮ," ಎಂದು ಅವನು ಡಬ್ಬಿಯ ಮುಚ್ಚಳ ತೆಗೆದ.

ಫಲಿತಾಂಶ ಬಂದಾಗ ಅವನಿಗೆ ಮೂವತ್ತು. ಪಾಸಾಗಲು ಮೂವತ್ತೈದು ಬೇಕು. ಅದೇ ದಿನ ಮಧ್ಯಾಹ್ನ ವನಮಾಲಾ ನನ್ನ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ಅಡುಗೆಮನೆಯ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತಳು. "ಆ ಉತ್ತರಕ್ಕೆ ಸೊನ್ನೆ ಕೊಟ್ಟದ್ದು ನಾನು," ಅಂದಳು. "ಪೇಪರಿನ ಮೇಲೆ ಹೆಸರಿರಲ್ಲವಲ್ಲ," ಅಂದೆ. "ಹೆಸರು ಯಾಕೆ ಬೇಕು ಅಜ್ಜಿ? ಅವರು ಬರೀತಿದ್ದ ಕಾಗದಗಳನ್ನ ಓದೀ ಓದೀ ನಾನು ಅಕ್ಷರ ಕಲಿತದ್ದು. ಅವರ 'ಳ' ನೋಡಿದ್ರೆ ಸಾಕು."

"ತಿದ್ದೋದಕ್ಕೆ ಬೇರೆಯವರಿಗೆ ಕೊಡಬಹುದಿತ್ತು," ಅಂದೆ. "ಕೇಳ್ದೆ. ಪ್ರಿನ್ಸಿಪಾಲ್ರು, ಯಾಕೆ ನಿಮ್ಮ ಸಂಬಂಧಿಕರೇ, ಅಂದ್ರು. ಏನು ಹೇಳ್ಲಿ? ದಾಖಲೆ ಪ್ರಕಾರ ಅಲ್ಲ." ಅವಳು ನಕ್ಕಳು, ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಾದರಿ ಉತ್ತರದ ಕೀಯಲ್ಲಿ ಮೂರು ಅಂಶ ಕೊಟ್ಟಿದಾರೆ. ಮೂರು ದಿನ ಘೋರ ಕದನ ನಡೆಯಿತು. ಶತ್ರು ಸೋತು ಓಡಿದ. ನಮ್ಮ ಕಡೆ ಯಾರೂ ಮಡಿಯಲಿಲ್ಲ. ಅಪ್ಪ ಮೂರೂ ಸುಳ್ಳು ಅಂತ ಬರ್ದಿದಾರೆ. ಬೇರೆ ಯಾವ ಹುಡುಗ ಬರೆದಿದ್ರೂ ಸೊನ್ನೆಯೇ ಕೊಡ್ತಿದ್ದೆ. ಇವರು ಅಂತ ಐದು ಕೊಟ್ರೆ ಆ ಐದು ಯಾವುದರದು?"

ಅವನು ಬರೆದದ್ದನ್ನು ಅವಳು ಬಾಯಿಪಾಠವಾಗಿ ಹೇಳಿದಳು. ಅಲ್ಲಿ ಕದನ ನಡೆಯಲಿಲ್ಲ. ನಮಗೆ ಕೊಟ್ಟ ನಕ್ಷೆ ತಪ್ಪಾಗಿತ್ತು. ಶತ್ರು ಇದ್ದದ್ದು ಬೇರೆ ಸೇತುವೆಯ ಹತ್ತಿರ. ನಾವು ಮೂರು ದಿನ ಸುಮ್ಮನೆ ಕಾದು ಕೂತೆವು. ಎರಡನೆಯ ದಿನ ಬೆಳಿಗ್ಗೆ ಅಡುಗೆಯ ಅಂತೋಣಿ ನೀರು ತರಲು ಹೊಳೆಗೆ ಇಳಿದ. ಸೆಳೆತ ಜೋರಿತ್ತು. ಅವನು ವಾಪಸು ಬರಲಿಲ್ಲ. ಆ ದಿನ ಯಾರೂ ಊಟ ಮಾಡಲಿಲ್ಲ.

ನಾನು ಚಹಾ ಮಾಡಿಕೊಟ್ಟೆ. ಅವಳು ಕುಡಿದು, ಲೋಟ ತೊಳೆದಿಟ್ಟು, ನಾನು ಒಣಗಿಹಾಕಿದ್ದ ಸೀರೆಯನ್ನೂ ತೆಗೆದು ಮಡಚಿಟ್ಟು ಹೋದಳು.

ಪೋಷಕಿಯಾಗಿ ನಾನು ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಪ್ರಿನ್ಸಿಪಾಲರು ನನ್ನನ್ನೂ ಕೆಂಚಪ್ಪನನ್ನೂ ಕೂರಿಸಿ, ಅರ್ಜಿಯನ್ನು ಎರಡು ಸಲ ಓದಿದರು. "ವಿದ್ಯಾರ್ಥಿ ತಾನು ಅಲ್ಲಿ ಖುದ್ದಾಗಿ ಇದ್ದೆ ಅಂತಾನೆ," ಎಂದರು. "ಇದ್ದೆ ಸಾರ್. ಅಂತೋಣಿ ಹಿಂದೇನೇ ನಾನೂ ನೀರಿಗೆ ಹಾರ್ದೆ. ಬಂಡೆಗೆ ತಾಗಿ ಈ ಮಂಡಿ ಹೋಯ್ತು." ಪ್ರಿನ್ಸಿಪಾಲರು ಮಂಡಿಯನ್ನು ನೋಡಿದರು, ಫೈಲನ್ನು ನೋಡಿದರು. "ಕದನ ನಡೆದದ್ದು ಇಪ್ಪತ್ತೆರಡು ವರ್ಷದ ಹಿಂದೆ. ನಿನಗೀಗ ಹದಿನೆಂಟು. ಹುಟ್ಟೋಕೆ ನಾಲ್ಕು ವರ್ಷ ಮುಂಚೆ ನೀನು ಹೊಳೆಗೆ ಹೇಗಪ್ಪ ಹಾರಿದೆ?" ಕೆಂಚಪ್ಪ ನನ್ನ ಮುಖ ನೋಡಿದ. ನಾನು ತರ್ಕಶಾಸ್ತ್ರದಲ್ಲಿ ಕಾಲೇಜಿಗೇ ಮೊದಲಿಗಳಾಗಿದ್ದವಳು; ಬೆರಳು ಮಡಚಿ ಎಣಿಸಿ ನೋಡಿದೆ, ಅವರ ಲೆಕ್ಕ ಸರಿಯಾಗಿಯೇ ಇತ್ತು.

"ಪಾಸಾಗಿ ಬಾ," ಎಂದರು ಪ್ರಿನ್ಸಿಪಾಲರು. "ಆಗ ನಿನಗೆ ನಲವತ್ತೇಳು ಆಗಿರುತ್ತೆ. ಆಗ ನೀನು ಅಲ್ಲಿದ್ದೆ ಅಂದ್ರೆ ನಾನು ಕೇಳ್ತೀನಿ." "ಪಾಸಾಗೋದಕ್ಕೇ ಅಲ್ವಾ ಸಾರ್ ಈಗ ಕೇಳ್ಬೇಕಾಗಿರೋದು." "ಹೌದಲ್ಲ," ಎಂದು ಅವರು ನಿಜವಾಗಿಯೂ ಬೇಸರಪಟ್ಟುಕೊಂಡರು. ಬಾಗಿಲವರೆಗೆ ಬಂದು, ಕಾರಿಡಾರಿನ ಆ ಕಡೆ ಈ ಕಡೆ ನೋಡಿ, "ಜೂನಿನಲ್ಲಿ ಮರುಪರೀಕ್ಷೆ ಇದೆಯಮ್ಮ. ಹಳದಿಹೊಳೆ ಮತ್ತೆ ಬಂದೇ ಬರುತ್ತೆ. ನಾನು ಹೇಳಿದೆ ಅಂತ ಇಲ್ಲ," ಎಂದರು.

ಏಪ್ರಿಲ್, ಮೇ ಎರಡು ತಿಂಗಳು ಕೆಂಚಪ್ಪ ನನ್ನ ಜಗಲಿಯಲ್ಲಿ ಆ ಒಂದು ಪುಟ ಉರುಹೊಡೆದ. ನಾನು ಪುಸ್ತಕ ಹಿಡಿದು ಒಪ್ಪಿಸಿಕೊಳ್ಳುತ್ತಿದ್ದೆ. ಘೋರ ಕದನವನ್ನು ಕವಾಯತಿನ ದನಿಯಲ್ಲಿ ಒಪ್ಪಿಸುತ್ತಿದ್ದ. ಶತ್ರುವನ್ನೂ ಸಲೀಸಾಗಿ ಓಡಿಸುತ್ತಿದ್ದ. ಮೂರನೆಯದಕ್ಕೆ ಬಂದು ನಿಲ್ಲುತ್ತಿದ್ದ. "ನಮ್ಮ ಕಡೆ..." ಅಂದು, ಬೀದಿಯಲ್ಲಿ ಹೋಗುವ ತರಕಾರಿ ಗಾಡಿಯನ್ನು ನೋಡುತ್ತ ಕೂರುತ್ತಿದ್ದ. ಒಂದು ದಿನ ನಾನೇ ಉಪಾಯ ಹೇಳಿಕೊಟ್ಟೆ. "ಮೂರನೆಯದನ್ನು ಬರೆಯಲೇಬೇಡ. ಮೊದಲೆರಡು ಬರೆದು ನಿಲ್ಲಿಸು. ಹತ್ತಕ್ಕೆ ಆರಾದರೂ ಕೊಡ್ತಾರೆ, ಪಾಸಾಗ್ತೀಯ."

"ಬೇಡಮ್ಮ," ಅಂದ. "ಆ ಪುಸ್ತಕದೋರು ಮಾಡಿದ್ದೂ ಅದೇ ಅಲ್ವಾ, ಬಿಟ್ಟುಬಿಟ್ಟಿದ್ದು? ಬರೆದ್ರೆ ಸತ್ತ ಅಂತ ಬರೀತೀನಿ. ಇಲ್ಲ, ಯಾರೂ ಸಾಯ್ಲಿಲ್ಲ ಅಂತ ಬರೀತೀನಿ. ಅವನ ಮುಂದೆ ತಲೆ ತಗ್ಗಿಸಿಕೊಂಡು ಹೋಗೋದು ಬೇರೆ, ಅವನನ್ನ ನೋಡೇ ಇಲ್ಲ ಅನ್ನೋ ಹಂಗೆ ಹೋಗೋದು ಬೇರೆ." ಅಂತೋಣಿಗೆ ಹಿಂದುಮುಂದು ಯಾರೂ ಇರಲಿಲ್ಲವಂತೆ. ಅನಾಥಾಶ್ರಮದಿಂದ ನೇರವಾಗಿ ಸೈನ್ಯದ ಅಡುಗೆಮನೆಗೆ ಬಂದವನು. ಅನ್ನ ಸೀದರೆ ಸೀದದ್ದನ್ನು ತಾನು ತಿಂದು ಬಿಳಿಯದನ್ನು ಬಡಿಸುತ್ತಿದ್ದನಂತೆ. "ನನ್ನ ಉತ್ತರಪತ್ರಿಕೆ ಬಿಟ್ರೆ ಅವನ ಹೆಸರು ಎಲ್ಲೂ ಬರೆದಿಲ್ಲಮ್ಮ. ಅದಕ್ಕೂ ಸೊನ್ನೆ ಬಂತು."

ಸಾಕಮ್ಮ ಆ ಭಾನುವಾರ ಈ ಮಾತನ್ನೆಲ್ಲ ಕೇಳಿಸಿಕೊಂಡು ಕೋಡುಬಳೆ ಡಬ್ಬಿಯನ್ನು ಟಪ್ಪೆಂದು ಮುಚ್ಚಿದಳಂತೆ. ಮರುದಿನ ನನ್ನ ಹತ್ತಿರ ಬಂದು ಹೇಳಿದಳು, "ನಾನು ಅವರನ್ನ ಕೇಳ್ದೆ ಅಮ್ಮ. ಆ ಅಂತೋಣಿ ಸೀದದ್ದು ತಾನು ತಿಂದು ನಿಮಗೆ ಒಳ್ಳೇದು ಬಡಿಸ್ತಿದ್ದ ಅಂತೀರಲ್ಲ, ಈಗ ಅವನನ್ನೇ ಕೇಳಿದ್ರೆ ಏನು ಹೇಳ್ತಾನೆ, ಅಂದೆ. ನಿನ್ನ ಮಗಳಿಗೆ ಒಳ್ಳೇದು ಬಡಿಸು ಅಂತಾನೋ ಇಲ್ವೋ?" "ಅದಕ್ಕೆ ಏನಂದ?" "ಏನೂ ಅನ್ಲಿಲ್ಲ. ಪರಿಚಿತರ ಹತ್ರ ಹೆಚ್ಚು ಮಾತಾಡಬಾರ್ದು ಅಂತ ಇದೆಯಲ್ಲ," ಎಂದು ಅವಳು ಮೂತಿ ತಿರುವಿದಳು.

ಜೂನಿನ ಪರೀಕ್ಷೆಯ ದಿನ ಗೇಟಿನ ಹೊರಗೆ ನಾನೊಬ್ಬಳೇ. ಹಾಲಿನ ಮೇಲ್ವಿಚಾರಕರು ಅವನ ಕಾಲಿಗೆಂದು ಎರಡು ಕುರ್ಚಿ ಹಾಕಿಸಿದ್ದು ಕಿಟಕಿಯಿಂದ ಕಾಣುತ್ತಿತ್ತು. ಕೆಂಚಪ್ಪ ಕೊನೆಯ ಗಂಟೆಯವರೆಗೆ ಹೊರಗೆ ಬರಲಿಲ್ಲ. ಬಂದಾಗ ನಗುವೂ ಇರಲಿಲ್ಲ. "ಏನು ಬರೆದೆ?" ಎಂದು ಕೇಳಿದೆ. "ನಮ್ಮ ಕಡೆ ಯಾರೂ ಮಡಿಯಲಿಲ್ಲ ಅಂತ ಬರ್ದೆ," ಅಂದ. "ಸ್ಕೇಲ್ ಇಟ್ಟು ಅಡಿಗೆರೆ ಹಾಕ್ದೆ. ಓದೋರಿಗೆ ಅನುಮಾನ ಬರಬಾರ್ದಲ್ಲ." ಮೊಸರನ್ನದ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡ. ಹಾಸ್ಟೆಲಿನವರೆಗೆ ಹಿಡಿದುಕೊಂಡೇ ನಡೆದ, ತೆರೆಯಲಿಲ್ಲ.

ಐವತ್ತೆಂಟು ಬಂತು. ಹಳದಿಹೊಳೆಗೆ ಹತ್ತಕ್ಕೆ ಹತ್ತು. ತಿದ್ದಿದವಳು ಅದೇ ಉಪನ್ಯಾಸಕಿ. ಪ್ರಿನ್ಸಿಪಾಲರು ಸ್ವತಃ ಬಂದು ಕೆಂಚಪ್ಪನ ಕೈಕುಲುಕಿ, ಹುಡುಗ ಕೊನೆಗೂ ತಿದ್ದಿಕೊಂಡ ಎಂದು ನನಗೆ ಅಭಿನಂದನೆ ಹೇಳಿದರು.

ಜೂನ್ ಇಪ್ಪತ್ತೊಂಬತ್ತರಂದು ಸೈನಿಕ ವಿದ್ಯಾ ಕಚೇರಿಯಲ್ಲಿ ಅವನ ವರ್ಷಗಳನ್ನು ಕೊಡುವುದಿತ್ತು. ಕೆಂಚಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಸಾಕಮ್ಮ ಮಲ್ಲಿಗೆ ಮುಡಿದಿದ್ದಳು, ಆದರೂ ಮದುವೆ ಇನ್ನೂ ತಡೆಯಲ್ಲಿದ್ದುದರಿಂದ ಎರಡು ಕುರ್ಚಿ ಬಿಟ್ಟು ಕೂತಳು. ವನಮಾಲಾ ಕಾಲೇಜಿನಿಂದ ನೇರವಾಗಿ ಬಂದು ಬಾಗಿಲ ಹತ್ತಿರ ನಿಂತಳು. ಗುಮಾಸ್ತ ಬೀರು ತೆಗೆದು ಒಂದು ಫೈಲು ತಂದು, ದೂಳು ಕೊಡವಿ, ಮೊದಲು ಅದರ ಮೇಲೆ ಮೊಹರು ಒತ್ತಿದ. ಕೆಂಚಪ್ಪನಿಗೆ ನಲವತ್ತೇಳಾಯಿತು. ಮೊಹರಿನ ಸದ್ದಿಗೆ ಅವನು ಕುರ್ಚಿಯಲ್ಲಿ ಸ್ವಲ್ಪ ಒರಗಿಕೊಂಡ, ಅಷ್ಟೆ. ಗುಮಾಸ್ತ ಆ ಕಡೆ ತಿರುಗಿ, "ನೀವಿನ್ನು ಪಕ್ಕಕ್ಕೆ ಬಂದು ಕೂರಬಹುದಮ್ಮ," ಎಂದು ಸಾಕಮ್ಮನಿಗೆ ಹೇಳಿದ. ಹೇಳಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ.

ಆಮೇಲೆ ರಸೀದಿ. ನಾನು ಅದನ್ನು ಮೊದಲ ಬಾರಿ ನೋಡಿದ್ದು ಆಗಲೇ. ನನ್ನ ಹುಡುಗರಲ್ಲಿ ಅಷ್ಟು ದೂರ ಬಂದವರು ಬೇರೆ ಯಾರೂ ಇರಲಿಲ್ಲ. ಇಪ್ಪತ್ತಾರು ಸಾಲು, ವರ್ಷಕ್ಕೊಂದು. ಪ್ರತಿ ಸಾಲಿನಲ್ಲೂ 'ಆ ವರ್ಷದ ವಿಶೇಷ' ಎಂದು ಒಂದಿಷ್ಟು ಜಾಗ. "ಎಲ್ಲದಕ್ಕೂ 'ಸೇವೆ' ಅಂತ ಬರೆದುಬಿಡಿ," ಎಂದ ಗುಮಾಸ್ತ. "ಎಲ್ಲರೂ ಹಾಗೇ ಬರೆಯೋದು. ಯಾರೂ ಓದಲ್ಲ. ನಾಳೆ ರಾಜಧಾನಿಗೆ ಹೋಗುತ್ತೆ, ಅಲ್ಲಿ ಕಲ್ಲಿನ ಕಟ್ಟಡದಲ್ಲಿ ಇಡ್ತಾರೆ. ಬೆಂಕಿ ಬಿದ್ರೂ ಏನೂ ಆಗಲ್ಲ."

ಕೆಂಚಪ್ಪ ಪೆನ್ನು ತೆಗೆದ. ಸೇವೆ, ಸೇವೆ, ಸೇವೆ ಎಂದು ಏಳು ಸಾಲು ಬರೆದ. ಎಂಟನೆಯದರಲ್ಲಿ ನಿಂತ. ಪೆನ್ನಿನ ತುದಿಯನ್ನು ಒಂದು ಸಲ ಅಂಗೈ ಮೇಲೆ ಗೀಚಿ ನೋಡಿದ. ಆಮೇಲೆ ಚಿಕ್ಕ ಅಕ್ಷರದಲ್ಲಿ, ಒತ್ತಿ ಒತ್ತಿ ಬರೆದ. ಗುಮಾಸ್ತ ಕತ್ತು ಚಾಚಿ, "ಗೆರೆ ಮೀರಬೇಡಿ ಸ್ವಾಮಿ," ಎಂದ, ಅಷ್ಟೆ. ಮೊದಲ ಸಲ ಅವನನ್ನು ಯಾರೋ ಸ್ವಾಮಿ ಎಂದದ್ದು ಕೆಂಚಪ್ಪನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಉಳಿದ ಹದಿನೆಂಟು ಸಾಲಿಗೂ ಸೇವೆ ಎಂದು ಬರೆದು ಕಾಗದ ತಿರುಗಿಸಿ ಇಟ್ಟ.

ಸಾಕ್ಷಿ ಸಹಿಗೆ ನಾನು ಅಭ್ಯಾಸಬಲದಿಂದ ಎದ್ದೆ. "ನಿಮ್ಮದು ಇನ್ನು ನಡೆಯಲ್ಲ ಅಜ್ಜಿ," ಎಂದ ಗುಮಾಸ್ತ. "ಇವರಿಗೆ ಈಗ ಪೋಷಕರಿಲ್ಲ. ರಕ್ತಸಂಬಂಧಿ ಹಾಕಬೇಕು." ವನಮಾಲಾ ಮುಂದೆ ಬಂದು ಬ್ಯಾಗಿನಿಂದ ಪೆನ್ನು ತೆಗೆದಳು. "ಕೆಂಪು ಆಗಲ್ಲ ಮೇಡಂ," ಎಂದ ಗುಮಾಸ್ತ. ಕೆಂಚಪ್ಪ ತನ್ನ ಪೆನ್ನನ್ನು ಚಾಚಿದ.

ಕೆಳಗೆ ಅಚ್ಚಾಗಿತ್ತು: ಮೇಲಿನದೆಲ್ಲವನ್ನೂ ಓದಿದ್ದೇನೆ, ನನ್ನ ತಿಳಿವಳಿಕೆಯ ಮಟ್ಟಿಗೆ ನಿಜ. ಸಹಿ ಹಾಕುವ ಮುನ್ನ ಯಾರೂ ಓದುವುದಿಲ್ಲ. ಅವಳು ಮೊದಲನೆಯ ಸಾಲಿನಿಂದ ಓದತೊಡಗಿದಳು, ಉತ್ತರಪತ್ರಿಕೆ ತಿದ್ದುವಂತೆ ಪೆನ್ನಿನ ಹಿಂಬದಿಯನ್ನು ಸಾಲಿನ ಕೆಳಗೆ ಜಾರಿಸುತ್ತ. ಎಂಟರಲ್ಲಿ ಪೆನ್ನು ನಿಂತಿತು. ನಾನು ಅವಳ ಭುಜದ ಪಕ್ಕದಿಂದ ನೋಡಿದೆ. 'ಹಳದಿಹೊಳೆ. ನಕ್ಷೆ ತಪ್ಪಾಗಿತ್ತು. ಕದನವಿಲ್ಲ. ಅಡುಗೆಯ ಅಂತೋಣಿ ನೀರಿಗೆ ಇಳಿದ, ವಾಪಸು ಬರಲಿಲ್ಲ.' ಸಾಕಮ್ಮ ಮಗಳನ್ನೇ ನೋಡುತ್ತಿದ್ದಳು. ಕೆಂಚಪ್ಪ ಮಾತ್ರ ಫಲಿತಾಂಶ ಕಾಯುವ ಹುಡುಗನ ಹಾಗೆ ನೆಲ ನೋಡುತ್ತಿದ್ದ.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಉಳಿದವನ್ನೂ ಓದಿ ಮುಗಿಸಿದಳು. ಆಮೇಲೆ ಪೂರ್ತಿ ಹೆಸರಿನ ಸಹಿ ಹಾಕಿದಳು.

"ಸಂಬಂಧ?" ಎಂದು ಗುಮಾಸ್ತ ತಲೆ ಎತ್ತದೆ ಕೇಳಿದ.

"ಮಗಳು," ಅಂದಳು.

"ಬಾಯಲ್ಲಿ ಹೇಳಿದ್ರೆ ಆಗಲ್ಲ ಮೇಡಂ, ಬರೀಬೇಕು," ಎಂದು ಅವನು ಬೆರಳಿಟ್ಟು ಜಾಗ ತೋರಿಸಿದ. ಅವಳು ಬರೆದಳು.